ರೇವಪ್ಪನ ಟೈರು, ಬೀಗರೂರಿನ ರಸ್ತೆ

"ಈ ಸಲ ಮಳಿರಾಯ ಬಂದು ರಸ್ತಾಕ್ಕ ಅಡ್ಡ ಮಲಗ್ಲಿ! ಅವನ ಹೊಟ್ಟಿ ಮ್ಯಾಲಿಂದ ಜೀಪ್ ಹಾಯಿಸಿ ನನ್ನ ಮಗಳಿಗಿ ತವರಿಗಿ ತರ್ತೀನಿ!"

ಹೀಗೆಂದು ನಾರಾಯಣಖೇಡದ ತೊಗರಿ ವ್ಯಾಪಾರಿ ರೇವಪ್ಪ ಊಟದ ತಾಟಿನ ಮುಂದೆ ಘೋರ ಪ್ರತಿಜ್ಞೆ ಮಾಡಿದ. ದೇವತೆಗಳು ಹೂಮಳೆ ಸುರಿಸಲಿಲ್ಲ. ಹೆಂಡತಿ ಪ್ರೇಮಲಾ ಮಾತ್ರ ತಾಟಿಗೆ ಇನ್ನೊಂದು ಸೌಟು ಪುಂಡಿಪಲ್ಯ ಸುರಿದಳು.

"ಮೊದ್ಲ ಉಣ್ರಿ. ಮಳಿರಾಯ ಎಲ್ಲೂ ಓಡಿ ಹೋಗಂಗಿಲ್ಲ."

ಪ್ರತಿಜ್ಞೆಗೆ ಕಾರಣವಿತ್ತು. ಒಬ್ಬಳೇ ಮಗಳು ಮಹಾನಂದಾಳಿಗೆ ಏಳನೇ ತಿಂಗಳು. ಸೀಮಂತದ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಚೊಚ್ಚಲ ಬಾಣಂತನಕ್ಕೆ ತವರಿಗೆ ಕರೆತರುವುದು ಹೆತ್ತವರ ಹಕ್ಕು. ಪ್ರೇಮಲಾ ಆಗಲೇ ಬಾಣಂತಿಯ ಉಂಡೆಗೆ ಬೇಕಾದ ಅಂಟು, ಅಳವಿ, ಉತ್ತುತ್ತಿಯನ್ನೆಲ್ಲ ಡಬ್ಬಿಗೆ ತುಂಬಿಟ್ಟಿದ್ದಳು. ಅಟ್ಟದ ಮೇಲಿನ ತೊಟ್ಟಿಲು ಇಳಿಸಿ, ಒರೆಸಿ, ಯಾರೂ ಇಲ್ಲದಾಗ ಬರೀ ತೊಟ್ಟಿಲನ್ನೇ ತೂಗಿ ನೋಡುತ್ತಿದ್ದಳು. ಅಷ್ಟರಲ್ಲಿ ಬೀಗತಿ ಈಶಮ್ಮನ ಫೋನು ಬಂತು.

"ಕುಬಸಕ್ಕ ಬರ್ರಿ, ನಾವು ಬ್ಯಾಡ ಅನ್ನಂಗಿಲ್ಲ. ಖರೇ ಹುಡ್ಗಿಗಿ ಕಳಸಾಕ ಆಗಂಗಿಲ್ಲ ನೋಡ್ರಿ. ನಮ್ಮೂರ ರಸ್ತಾ ನಿಮಗ ಗೊತ್ತದ. ಈ ಕೆಸರಾಗ ಬಸುರಿ ಹುಡ್ಗಿಗಿ ಟ್ರ್ಯಾಕ್ಟರ್ ಮ್ಯಾಲ ಕುಂದರ್ಸಲೇನು? ಬಾಣಂತನ ಇಲ್ಲೇ ಆಗ್ಲಿ."

ಬೀಗರ ಊರು ಮನೂರಿನ ಆಚೆ. ಡಾಂಬರು ಮುಗಿದ ಮೇಲೆ ಊರಿನ ತನಕ ಎರಡೂ ಕಡೆ ಹೊಲ, ನಡುವೆ ಕರೀಮಣ್ಣಿನ ಕಚ್ಚಾ ರಸ್ತೆ. ಬೇಸಿಗೆಯಲ್ಲಿ ಅದು ಕಲ್ಲು, ಮಳೆಗಾಲದಲ್ಲಿ ಅದು ಹಲ್ವಾ. ಪ್ರೇಮಲಾ ಫೋನಿಟ್ಟು ತೊಟ್ಟಿಲಿನ ಕಡೆ ನೋಡಿದಳು. ರೇವಪ್ಪ ಹೆಂಡತಿಯ ಕಡೆ ನೋಡಿದ. ಆಮೇಲೆ ಅಂಗಳದಲ್ಲಿ ನಿಂತಿದ್ದ ಜೀಪಿನ ಕಡೆ ನೋಡಿದ.

ತಾಂಡೂರಿನ ಫರಸಿ ಹಾಸುಗಲ್ಲಿನ ಗಣಿಯ ಮಾಲೀಕನೊಬ್ಬನಿಂದ ಕೊಂಡ ಹಳೇ ಜೀಪು ಅದು. ಮುಂದಿನ ಎರಡು, ಹಿಂದಿನ ಎರಡು, ನಾಲ್ಕೂ ಗಾಲಿಗೆ ಶಕ್ತಿ! ಆದರೆ ಟೈರುಗಳು ಸವೆದು ಹಪ್ಪಳವಾಗಿದ್ದವು.

"ಎಲ್ಲಾ ಟೈರಿನ ಮ್ಯಾಲ ಅದ, ಪ್ರೇಮಲಾ! ಟೈರ್ ಬರೋಬರ್ ಇದ್ರ ಬೀಗತಿ ಬಾಯಿ ಬಂದ್!"

ರೇವಪ್ಪ ಎಂಥ ಜೋಪಾನದ ಮನುಷ್ಯ ಎಂದರೆ, ಕೀಲಿ ಹಾಕಿ ಜಗ್ಗಿ ನೋಡಿ, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಮತ್ತೆ ಜಗ್ಗುವವನು. ಅವನು ಟೈರು ಆರಿಸುವುದೆಂದರೆ ಮಗಳಿಗೆ ವರ ಆರಿಸಿದಂತೆ! ಕುಲಗೋತ್ರ ಒಂದನ್ನು ಬಿಟ್ಟು ಎಲ್ಲ ವಿಚಾರಿಸಿದ. ಊರಿನ ಡ್ರೈವರುಗಳ ತಲೆ ತಿಂದ. ಮೊಬೈಲಿನಲ್ಲಿ ಯಾವುದೋ ದೇಶದ ಬಿಳಿಯ ಮನುಷ್ಯ ಹಿಮದಲ್ಲಿ ಜೀಪು ಓಡಿಸುವುದನ್ನು ನೋಡುತ್ತ ಉಂಡ, ನೋಡುತ್ತಲೇ ಮಲಗಿದ. ಕಡೆಗೊಂದು ದಿನ ಹೆಂಡತಿಯನ್ನೂ ಕೂರಿಸಿಕೊಂಡು ಜಹೀರಾಬಾದಿಗೆ ಹೊರಟ.

ಅಂಗಡಿಯ ತುಳಸಿರಾಮ ಮೂರು ಥರದ ಟೈರು ಉರುಳಿಸಿಕೊಂಡು ಬಂದ. ಒಂದು ಡಾಂಬರಿಗೆ. ಒಂದು ಡಾಂಬರಿಗೂ ಕೆಸರಿಗೂ. ಮೂರನೆಯದು ಟೈರಲ್ಲ, ರಾಕ್ಷಸ! ಮೈತುಂಬ ಬೆರಳುದ್ದದ ಹಲ್ಲು.

"ಸೇಠ್, ನಿಮಗ ಈ ನಡುವಿಂದು ಸಾಕ್ರಿ. ನೋಡ್ರಿ, ಕಂಪನಿಯವ್ರೇ ಬರದಾರ, ಕೆಸರಾಗೂ ನಡೀತದ, ಹಿಮದಾಗೂ ನಡೀತದ."

ಪ್ರೇಮಲಾ ಬಗ್ಗಿ ನೋಡಿದಳು. "ಹಿಮ ಎಲ್ಲದ ಅಣ್ಣಾ ನಮ್ಮ ಕಡಿ? ನಮ್ಮ ಫ್ರಿಜ್ಜಿನಾಗ ಜರಾ ಅದ. ಅದರಾಗ ಓಡಸ್ತಾರೇನು ಇವ್ರು?"

"ನಿನಗ ತಿಳ್ಯಂಗಿಲ್ಲ, ಸುಮ್ನಿರು," ಎಂದ ರೇವಪ್ಪ, ಮೂರನೆಯ ಟೈರಿನ ಎದುರು ಕುಕ್ಕರಗಾಲಲ್ಲಿ ಕೂತ. ಉಗುರಿನಿಂದ ಕೆರೆದ. ಮೂಸಿದ. ತೊಗರಿ ಕಾಳನ್ನು ಹಲ್ಲಲ್ಲಿ ಕಡಿದು ಹಸಿಯೋ ಒಣಗಿದ್ದೋ ಎಂದು ಹೇಳುತ್ತ ಬಾಳು ಸವೆಸಿದ ಮನುಷ್ಯ! ಅರಿವಿಲ್ಲದೆ ಬಾಯಿ ತೆರೆದು ಟೈರಿನ ಹತ್ತಿರ ಒಯ್ದೇ ಬಿಟ್ಟ.

"ಅಯ್ಯ, ಬ್ಯಾಡ್ರಿ!" ಪ್ರೇಮಲಾ ಕಿರುಚಿದಳು. "ಅದರ ಹಲ್ಲು ಉಳೀತಾವ, ನಿಮ್ಮವು ಉಳ್ಯಂಗಿಲ್ಲ!"

ತುಳಸಿರಾಮ ಮತ್ತೊಮ್ಮೆ ಹೇಳಿ ನೋಡಿದ. "ಸೇಠ್, ಇದು ನಮ್ಮ ಹಳ್ಳಿ ರಸ್ತಾಕ್ಕ ಜಾಸ್ತಿ ಆತದ್ರಿ."

"ಕಡಿಮಿ ಆದ್ರ ತಪ್ಪು. ಜಾಸ್ತಿ ಆದ್ರ ಏನು? ಹಾಕು ನಾಲ್ಕೂ!"

ಮರಳಿ ಬರುವಾಗ ಆ ಟೈರುಗಳು ಡಾಂಬರಿನ ಮೇಲೆ ಎಂಥ ಗುಂಯ್‌ಗುಡುವಿಕೆ ಎಬ್ಬಿಸಿದವೆಂದರೆ, ದಾರಿಯ ಜನ ತಲೆ ಎತ್ತಿ ಆಕಾಶದಲ್ಲಿ ವಿಮಾನ ಹುಡುಕಿದರು. ರೇವಪ್ಪ ದಾರಿಯುದ್ದಕ್ಕೂ ಟೈರಿನ ಗುಣಗಾನ ಮಾಡಿದ. ಪ್ರೇಮಲಾಳಿಗೆ ಒಂದಕ್ಷರವೂ ಕೇಳಲಿಲ್ಲ. ಆ ಟೈರು ಅವಳಿಗೆ ಇಷ್ಟವಾದದ್ದು ಆಗ ಮಾತ್ರ.

ಕುಬಸದ ದಿನ ಬಂತು. ಅದಕ್ಕೆ ಮೊದಲು ವಾರವಿಡೀ ಮಳೆ ಹೊಡೆದಿತ್ತು. ಹೋಳಿಗೆ, ಕರಿಗಡಬಿನ ಬುಟ್ಟಿ, ಹಸಿರು ಸೀರೆ, ಹಸಿರು ಬಳೆ, ಮಗಳು ಒರಗಿ ಕೂರಲು ಲೋಡು, ಎಲ್ಲ ಹೇರಿಕೊಂಡು ಜೀಪು ಡಾಂಬರಿನ ಕಡೇ ತುದಿಗೆ ಬಂದು ನಿಂತಿತು. ರೇವಪ್ಪ ಶಿವನಾಮ ನುಡಿದು ಲಿವರ್ ಎಳೆದ. ನಾಲ್ಕೂ ಗಾಲಿ ಕೆಸರನ್ನು ಕಚ್ಚಿದವು. ಜೀಪು ಕೆರೆಗಿಳಿದ ಎಮ್ಮೆಯ ಹಾಗೆ ಮೈ ಹೊರಳಿಸುತ್ತ, ಕೆಸರನ್ನು ಮಾಡಿನೆತ್ತರಕ್ಕೆ ಚಿಮ್ಮಿಸುತ್ತ, ಎಲ್ಲೂ ನಿಲ್ಲದೆ ಹೋಗಿ ಬೀಗ ಶಿವರಾಯನ ಬಾಗಿಲಲ್ಲಿ ನಿಂತಿತು!

ಊರಿಗೆ ಊರೇ ಬಾಯಿ ತೆರೆಯಿತು. ಶಿವರಾಯ ಕಾಲಿಗೆ ನೀರು ಕೊಡುವುದನ್ನೇ ಮರೆತು ಟೈರು ಸವರಿದ. "ಭಲೇ ಬೀಗ್ರ! ಟೈರ್ ಅಂದ್ರ ಟೈರ್!" ಈಶಮ್ಮನ ಬಾಯಿಯಿಂದಲೂ ಮಾತು ಬಂತು. "ಹಿಂಗ ಬರ್ತದಂದ್ರ ಹುಡ್ಗಿಗಿ ಕಳಸಾಕ ನಮಗೇನು ಅಡ್ಡಿಲ್ಲ."

ಪ್ರೇಮಲಾ ಗಂಡನ ಕಡೆ ಹೊಸದಾಗಿ ಮದುವೆಯಾದವಳಂತೆ ನೋಡಿದಳು. ಆಗಲೇ ಜೀಪಿನ ಕೀಲಿ ಕಿಸೆಗೆ ಹಾಕಿ ಉಣ್ಣಲು ಕೂತಿದ್ದರೆ ರೇವಪ್ಪ ಇಂದಿಗೂ ಮಹಾವೀರನೇ!

ಆದರೆ ಶಿವರಾಯ ಮೆಲ್ಲಗೆ ಕೇಳಿದ. "ಬೀಗ್ರ, ನಮ್ಮ ತಂಗ್ಯಾರು ಡಾಂಬರ್ ಮ್ಯಾಲ ಬಂದು ನಿಂತಾರಂತ. ಜರಾ..."

ಹೆಣ್ಣು ಕೊಟ್ಟ ಊರು! ಅಲ್ಲಿ ನಾಯಿ ಕೇಳಿದರೂ ಇಲ್ಲ ಅನ್ನಬಾರದು. ರೇವಪ್ಪ ಹೋಗಿ ತಂಗಿಯರನ್ನು ತಂದ. ಅವರನ್ನು ಇಳಿಸುವಷ್ಟರಲ್ಲಿ ಹಣಮಯ್ಯ ಎಂಬ ರೈತ ಮೇಕೆ ಹಿಡಿದುಕೊಂಡು ನಿಂತಿದ್ದ. ಮೇಕೆಗೆ ಹೊಟ್ಟೆ ಉಬ್ಬಿತ್ತು, ಮನೂರಿನ ದವಾಖಾನೆಗೆ ಹೋಗಬೇಕಿತ್ತು. ಮೇಕೆ ಮುಂದಿನ ಸೀಟಿನಲ್ಲಿ ಕೂತು ಹೋಯಿತು. ಬರುವಾಗ ಗೊಬ್ಬರದ ಚೀಲಗಳು ಬಂದವು. ಆಮೇಲೆ ಯಾರದೋ ಸಿಲಿಂಡರ್. ಆಮೇಲೆ ಯಾವ ಕೆಲಸವೂ ಇಲ್ಲದ, ಸುಮ್ಮನೆ ಕೂತು ನೋಡಬೇಕೆನ್ನುವ ಜನ!

"ಸಾಕ್ ಬರ್ರಿ, ಆರತಿಗಿ ಹೊತ್ತಾತು!" ಎಂದು ಪ್ರೇಮಲಾ ಕೂಗಿದಳು.

"ಇದೊಂದು ಖೇಪ್!" ಎಂದ ರೇವಪ್ಪ, ಕಿಟಕಿಯಿಂದ ಕೈ ಬೀಸುತ್ತ ಹೋದ.

ಕುಬಸ ಚೆನ್ನಾಗಿ ನಡೆಯಿತು. ಉಡಿ ತುಂಬಿ, ಹಾಡು ಹೇಳಿ, ಉಂಡು, ಮಹಾನಂದಾಳನ್ನು ಲೋಡಿಗೆ ಒರಗಿಸಿ ಕೂರಿಸಿದರು. ಬೀಗರ ಬಳಗವೆಲ್ಲ ಬೀಳ್ಕೊಡಲು ಹಿಂದೆ ನಡೆದು ಬಂತು. ಜೀಪು ಊರು ದಾಟಿ ಒಂದಿಷ್ಟು ದೂರ ಹೋಗಿ, ಮೆಲ್ಲಗೆ, ಮೊಟ್ಟೆಗೆ ಕೂರುವ ಕೋಳಿಯ ಹಾಗೆ, ಕೂತುಬಿಟ್ಟಿತು!

ರೇವಪ್ಪ ಒತ್ತಿದ. ಇಂಜಿನ್ ಕೂಗಿತು. ಜೀಪು ಅಲುಗಲಿಲ್ಲ. ಇಳಿದು ನೋಡಿದರೆ, ಆ ಬೆರಳುದ್ದದ ಹಲ್ಲುಗಳು ಮುಂಜಾನೆಯಿಂದ ಹೋಗಿ ಬಂದು, ಹೋಗಿ ಬಂದು, ರಸ್ತೆಯನ್ನು ಎರಡು ಕಾಲುವೆ ಮಾಡಿಟ್ಟಿದ್ದವು. ನಡುವೆ ಉಳಿದ ದಿಬ್ಬದ ಮೇಲೆ ಜೀಪು ಹೊಟ್ಟೆ ಊರಿ ಕೂತಿತ್ತು. ನಾಲ್ಕೂ ಗಾಲಿ ಕಾಲುವೆಯ ನೀರಿನಲ್ಲಿ ಗರಗರ ತಿರುಗುತ್ತಿದ್ದವು. ಹಲ್ಲು ಗಟ್ಟಿ, ಆದರೆ ಕಚ್ಚಲಿಕ್ಕೆ ಏನೂ ಇಲ್ಲ!

ಮೊದಲು ಬಾಯಿ ಬಿಟ್ಟವನು ಹಣಮಯ್ಯ. "ನಾಳಿಗಿ ನಮ್ಮ ಹಾಲಿನ ಗಾಡಿ ಹ್ಯಾಂಗ ಹೋಗಬೇಕ್ರಿ? ರಸ್ತಾ ಅಲ್ಲ ಇದು, ಹೊಲ! ನೇಗಿಲ ಹೊಡ್ದು ಮುಗಿಸ್ಯಾರ, ಬಿತ್ತೋದೊಂದೇ ಬಾಕಿ!"

"ನಿನ್ನ ಮೇಕಿ ಸಲುವಾಗೂ ಒಂದು ಖೇಪ್ ಹೋಗ್ಯಾದ," ಎಂದು ರೇವಪ್ಪ ಗೊಣಗಿದ.

"ಮೇಕಿ ನಡ್ಕೋತನೇ ಹೋಗ್ತಿತ್ತು. ನೀವೇ ಕರದ್ರಿ!"

ಶಿವರಾಯ ಟ್ರ್ಯಾಕ್ಟರ್ ತರಿಸಲು ಫೋನು ತೆಗೆದ. ಅತ್ತಲಿಂದ ಬಂದ ಉತ್ತರ, "ಆ ರಸ್ತಾದಾಗ? ನಮ್ ಟ್ರ್ಯಾಕ್ಟರ್ ಏನ್ ಪಾಪ ಮಾಡ್ಯಾದ?"

ಈಶಮ್ಮ ಸೆರಗು ಬಿಗಿದಳು. "ನಾ ಮೊದ್ಲೇ ಹೇಳಿದ್ದಿಲ್ಲೇನು? ಇಳಿ ಮಹಾನಂದಾ. ಮನಿಗಿ ನಡಿ."

ಪ್ರೇಮಲಾಳ ಮುಖ ಬಾಡಿತು. ಕಣ್ಣಲ್ಲಿ ನೀರು ತುಂಬಿತು. ಅದನ್ನು ನೋಡಿ ರೇವಪ್ಪನಿಗೆ ಆ ಕಾಲುವೆಯಲ್ಲೇ ಮುಳುಗಿಬಿಡಬೇಕೆನಿಸಿತು. ಆದರೆ ಅದು ಮೊಣಕಾಲಿನ ತನಕ ಮಾತ್ರ ಇತ್ತು.

ಮಹಾನಂದಾ ಮೆಲ್ಲಗೆ ಇಳಿದಳು. ಚಪ್ಪಲಿ ಕೈಗೆ ತೆಗೆದುಕೊಂಡಳು. ಹುಲ್ಲು ಬೆಳೆದು ಗಟ್ಟಿಯಾಗಿದ್ದ ಹೊಲದ ಬದುವಿನ ಮೇಲೆ ಹತ್ತಿ, ಊರಿನ ಕಡೆಗಲ್ಲ, ಡಾಂಬರಿನ ಕಡೆಗೆ ಆರಾಮಾಗಿ ನಡೆಯತೊಡಗಿದಳು!

"ಏ ಹುಡ್ಗಿ! ಎಲ್ಲಿಗಿ?" ಈಶಮ್ಮ ಚೀರಿದಳು.

"ತವರಿಗ್ರೀ ಅತ್ತಿ. ಡಾಕ್ಟರು ದಿನಾ ನಡಿ ಅಂದಾರಲ್ಲ. ದಿನಾ ಮುಂಜಾನೆ ಈ ಬದು ಹಿಡ್ದು ಡಾಂಬರ್ ತನಕ ಹೋಗಿ ಬರ್ತೀನಿ. ನೀವು ಪೂಜಾಕ್ಕ ಕುಂತಿರ್ತೀರಿ."

"ಮತ್ತ ಇಷ್ಟು ದಿನ ಯಾಕ ಹೇಳಲಿಲ್ಲವ್ವ?" ರೇವಪ್ಪ ಕೆಸರಿನಲ್ಲಿ ನಿಂತೇ ಕೂಗಿದ.

"ನನಗ ಯಾರು ಕೇಳಿದ್ರಪ್ಪಾ? ಎಲ್ಲಾರೂ ಟೈರಿಂದೇ ಮಾತಾಡಾಕ ಹತ್ತಿದ್ರಿ!"

ಈಶಮ್ಮ ಛತ್ರಿ ಬಿಚ್ಚಿ, "ಜ್ವಾಕಿ, ಜ್ವಾಕಿ!" ಎನ್ನುತ್ತ ಸೊಸೆಯ ಹಿಂದೆ ಓಡಿದಳು. ಛತ್ರಿಯ ಹಿಂದೆ ಪ್ರೇಮಲಾ, ಪ್ರೇಮಲಾಳ ಹಿಂದೆ ಬೀಗ, ಎಲ್ಲರ ಹಿಂದೆ ತಲೆಯ ಮೇಲೆ ಬುಟ್ಟಿ, ಕಂಕುಳಲ್ಲಿ ಲೋಡು, ಒಂದೇ ಕಾಲಲ್ಲಿ ಚಪ್ಪಲಿ ಇದ್ದ ರೇವಪ್ಪ! ಬದುವಿನ ಮೇಲೆ ಆ ಮೆರವಣಿಗೆ ಸಾಗಿ ಡಾಂಬರು ಮುಟ್ಟಿತು.

ನಾರಾಯಣಖೇಡಕ್ಕೆ ಹೊರಟಿದ್ದ ಆಟೋ ಒಂದು ಸಿಕ್ಕಿತು. ಈಶಮ್ಮ ತಾನೇ ಕೈಹಿಡಿದು ಸೊಸೆಯನ್ನು ಹತ್ತಿಸಿದಳು, ಲೋಡು ಇಟ್ಟಳು. "ಕೂಸು ಹುಟ್ಟಿದ ಕೂಡ್ಲೇ ಫೋನ್ ಮಾಡ್ರಿ ಬೀಗತೇರ," ಎಂದಳು. ಪ್ರೇಮಲಾ ನಗುತ್ತ ಮಗಳ ಪಕ್ಕ ಕೂತಳು.

ರೇವಪ್ಪ ಮಾತ್ರ ಹತ್ತಲಿಲ್ಲ. ಜೋಪಾನದ ಮನುಷ್ಯ! ಬಗ್ಗಿ ಆಟೋದ ಗಾಲಿ ನೋಡಿದ. ಒಂದು ಗೆರೆಯಿಲ್ಲ, ಒಂದು ಹಲ್ಲಿಲ್ಲ. ಕ್ಷೌರ ಮಾಡಿಸಿದ ತಲೆಯಂತೆ ನುಣ್ಣಗೆ ಹೊಳೆಯುತ್ತಿತ್ತು.

"ಪ್ರೇಮಲಾ! ಈ ಆಟೋದ ಟೈರಿಗಿ ಒಂದೂ ಹಲ್ಲು..."

"ಹುಶ್!" ಪ್ರೇಮಲಾ ಗಾಬರಿಯಿಂದ ತುಟಿಯ ಮೇಲೆ ಬೆರಳಿಟ್ಟಳು. "ಮೆಲ್ಲಗ ಮಾತಾಡ್ರಿ. ಪಾಪ, ಅದಕ್ಕ ಇನ್ನಾ ಗೊತ್ತಿಲ್ಲ. ನಿಮ್ಮ ಮಾತು ಕೇಳಸ್ಕೊಂಡ್ರ ಅದೂ ಇಲ್ಲೇ ಕುಂದರ್ತದ!"