ಲೇಟಾಗಿಯೇ ಬರಬೇಕಾದ ರೈಲು

ನಮ್ಮ ಚಿಕ್ಕಪ್ಪನ ರೈಲು ಒಂದು ದಿನ ಸರಿಯಾದ ಸಮಯಕ್ಕೆ ಬಂದುಬಿಟ್ಟಿತು. ಅವತ್ತು ಅವರು ಊಟ ಬಿಟ್ಟರು. ನಂಬುತ್ತೀರಾ? ಅದೂ ಹೊಸೂರಿನ ವಾಚ್ ಫ್ಯಾಕ್ಟರಿಯಲ್ಲಿ ಹಗಲೆಲ್ಲ ಗಡಿಯಾರಗಳಿಗೆ ಶಿಸ್ತು ಕಲಿಸುವ ಮನುಷ್ಯ!

ಚಿಕ್ಕಪ್ಪ ಕೋಲಾರದ ಕಡೆಯವರು. ಅವರ ಊರಿನ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುತ್ತಿದ್ದ ಪುಟ್ಟ ರೈಲು ನಿಂತುಹೋಗಿ ವರ್ಷಗಳಾಗಿದ್ದವು. ಎಲ್ಲರ ಕೈಗೂ ಮೊಬೈಲ್ ಬರುತ್ತಿದ್ದ ಆ ಕಾಲದಲ್ಲಿ, ಅದನ್ನು ಬಾಡಿಗೆ ಮನೆಯ ಹಾಲಿನಲ್ಲಿ ಮತ್ತೆ ಓಡಿಸುವ ಹುಚ್ಚು ಅವರಿಗೆ ಹಿಡಿಯಿತು. ತಗಡಿನ ಹಳಿ, ಹಳೇ ಟೇಪ್‌ರೆಕಾರ್ಡರಿನ ಮೋಟಾರು. ಗೋಣಿಚೀಲಕ್ಕೆ ಸಿಮೆಂಟ್ ಮೆತ್ತಿ ನಂದಿಬೆಟ್ಟ. ಚಿಕ್ಕಮ್ಮ ಪಾತ್ರೆ ಉಜ್ಜಲು ಇಟ್ಟುಕೊಂಡಿದ್ದ ಹೀರೇಕಾಯಿ ನಾರೆಲ್ಲ ಹುಣಸೆಮರಗಳಾದವು. ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಹೆಬ್ಬೆರಳುದ್ದದ ಎರಡೇ ಮಣ್ಣಿನ ಗೊಂಬೆ: ಒಬ್ಬ ಹೆಂಗಸು, ಒಬ್ಬ ಹುಡುಗ. ರೈಲು ಎಷ್ಟು ಸಲ ಬಂದರೂ ಅವರು ಹತ್ತುತ್ತಿರಲಿಲ್ಲ.

"ಇವ್ರತ್ರ ಟಿಕೆಟ್ ಇಲ್ವಾ ಚಿಕ್ಕಪ್ಪ?" ಎಂದು, ಅವರ ಮನೆಯಲ್ಲೇ ಇದ್ದು ಓದುತ್ತಿದ್ದ ನಾನು ಕೇಳಿದೆ.

"ಸುಮ್ಕಿರ್ಲಾ," ಎಂದರು.

ಹಳಿ ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ಹಾದಿತ್ತು. ಅಲ್ಲೊಂದು ಲೆವೆಲ್ ಕ್ರಾಸಿಂಗ್, ಬಿದಿರುಕಡ್ಡಿಯ ಗೇಟು. ರೈಲು ಹೊರಟರೆ ಗೇಟು ಬೀಳಬೇಕು, ಸ್ಟೇಷನ್ ಸೇರುವವರೆಗೆ ಏಳಬಾರದು. ಹೊರಟ ರೈಲು ನಂದಿಬೆಟ್ಟದ ಬುಡದಲ್ಲಿ ನಿಂತುಬಿಡುತ್ತಿತ್ತು. ಹಾಗೆ ನಿಲ್ಲಲೆಂದೇ ಚಿಕ್ಕಪ್ಪ ಅಲ್ಲೊಂದು ವೈರನ್ನು ಸಡಿಲ ಬಿಟ್ಟಿದ್ದರು. ಮೊಣಕಾಲೆತ್ತರವೂ ಇಲ್ಲದ ಗೇಟನ್ನು ದಾಟುವುದೇನು ಕಷ್ಟ? ಆದರೆ ಕಾನೂನು ಕಾನೂನೇ! ಚಿಕ್ಕಮ್ಮ ಕಾಫಿ ಲೋಟ ಹಿಡಿದು ಒಳಗೆ, ನಾವು ಬಾಯಾರಿ ಹೊರಗೆ. ಒಮ್ಮೆ ಅಡುಗೆಮನೆಯ ನಲ್ಲಿ ರಿಪೇರಿಗೆ ಬಂದ ಮನೆ ಓನರ್ ಕೂಡ ಸ್ಪ್ಯಾನರ್ ಹಿಡಿದು ಗೇಟಿನಲ್ಲಿ ಕಾದರು.

"ವಂಡಿ ಎಪ್ಪೋ ವರುಂ ಸಾರ್?" ಎಂದು ತಮಿಳಿನಲ್ಲಿ, ಗಾಡಿ ಬರುವ ಹೊತ್ತನ್ನು ವಿನಯದಿಂದ ವಿಚಾರಿಸಿದರು.

"ಲೇಟು ಸಾರ್. ಉಕ್ಕಾರುಂಗ," ಎಂದು ಚಿಕ್ಕಪ್ಪ ಕೂರಲು ಸ್ಟೂಲ್ ಕೊಟ್ಟರು.

ಗೇಟಿನ ಈಚೆ ನಿಂತು, ಒಲೆಯ ಮೇಲೆ ಹಾಲು ಉಕ್ಕುವುದನ್ನು ನೋಡಿದ ದಿನ ಚಿಕ್ಕಮ್ಮನ ತಾಳ್ಮೆ ಮುಗಿಯಿತು. ಮಾರನೆಯ ದಿನ ಚಿಕ್ಕಪ್ಪ ಶಿಫ್ಟಿಗೆ ಹೋದಾಗ ಪಕ್ಕದ ಮನೆಯ ಎಲೆಕ್ಟ್ರಿಷಿಯನ್ನನ್ನು ಕರೆಸಿ ಆ ವೈರನ್ನು ಬಿಗಿ ಮಾಡಿಸಿದರು. ಸಂಜೆ ರೈಲು ಎಲ್ಲೂ ನಿಲ್ಲದೆ ಠೀವಿಯಿಂದ ಸ್ಟೇಷನ್ನಿಗೆ ಬಂತು. ನಾನು ಚಪ್ಪಾಳೆ ತಟ್ಟಿದೆ. ಚಿಕ್ಕಪ್ಪ ತಟ್ಟೆ ಸರಿಸಿ ಗೋಡೆ ನೋಡುತ್ತ ಕೂತರು.

"ಏನಾಯ್ತ್ರೀ? ಟೈಮಿಗೆ ಸರೀಗ್ ಬಂತಲ್ಲ," ಎಂದರು ಚಿಕ್ಕಮ್ಮ.

"ಅದೇ ಕಣೇ. ಹಾಸ್ಟೆಲ್‌ಗೆ ಹೋಗೋವಾಗ ನಮ್ಮವ್ವ ಟೇಸನ್‌ಗಂಟ ಬಿಡಾಕ್ ಬರೋಳು. ರೈಲು ಲೇಟಾದಷ್ಟೂ ಹೊತ್ತು ಆ ಬೆಂಚ್ ಮೇಲೆ ಅವಳ ಪಕ್ಕ ಕೂತಿರ್ಬೋದಾಗಿತ್ತು. ಒಂದಿನ ಟೈಮಿಗೆ ಸರೀಗ್ ಬಂದ್ಬುಡ್ತು. ಸರಿಯಾಗ್ ಮಾತೂ ಆಡ್ನಿಲ್ಲ, ಹತ್ಬುಟ್ಟೆ. ಮುಂದಿನ್ ರಜಕ್ಕೆ ಹೋದಾಗ ಅವ್ವ ಇರ್ನಿಲ್ಲ."

ಚಿಕ್ಕಮ್ಮ ಎದ್ದು, ಬೆಟ್ಟದ ಬುಡದ ವೈರನ್ನು ಎಳೆದು ಸಡಿಲ ಮಾಡಿದರು. ಒಳಗೆ ಹೋಗಿ ಒಲೆ ಆರಿಸಿ ಬಂದರು. ತಾವೇ ಗೇಟು ಇಳಿಸಿ, ಗಂಡನ ಪಕ್ಕ ನೆಲದ ಮೇಲೆ ಕೂತರು.

"ಈಗ ಬಿಡ್ರೀ ರೈಲ್ನ," ಎಂದರು. "ನಂಗೇನೂ ಅವಸರ ಇಲ್ಲ."