ಕಂಬನಿಗೆ ಕೆಂಪು ಶಾಯಿ

ಜನನ-ಮರಣ ಮೇಡಂಗೆ ಸಿಟ್ಟು ಬಂದದ್ದು ಗಂಡ ನಕ್ಕಿದ್ದಕ್ಕಲ್ಲ. ನಗುವುದಕ್ಕೆ ಮುಂಚೆ ಆತ ಕನ್ನಡಕ ತೆಗೆದು, ಒರೆಸಿ, ಮತ್ತೆ ಮೂಗಿನ ಮೇಲೆ ಕೂರಿಸಿಕೊಂಡು, ಹೆಂಡತಿಯನ್ನು ಒಮ್ಮೆ ಸರಿಯಾಗಿ ನೋಡಿ, ಆಮೇಲೆ ನಕ್ಕರಲ್ಲ, ಅದಕ್ಕೆ.

"ಕಥೇನಾ? ನೀನಾ?"

"ಯಾಕ್ರೀ, ನನಗೆ ಕೈ ಇಲ್ವಾ?"

"ಕೈ ಇದೆ. ಆದ್ರೆ ಕಥೆಗೆ ತಲೆಬುಡ ಬೇಕಂತಲ್ಲ."

ಮೇಡಂ ಕೆಲಸ ಮಾಡುವುದು ಊರಿನ ಆಡಳಿತ ಕಚೇರಿಯ ಜನನ-ಮರಣ ನೋಂದಣಿ ಕೌಂಟರಿನಲ್ಲಿ. ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚಿ, ಅದೇ ಕಿಟಕಿ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದು, ಇಡೀ ಊರಿಗೆ ಅವರು ಜನನ-ಮರಣ ಮೇಡಂ ಆಗಿಬಿಟ್ಟಿದ್ದರು. ಒಬ್ಬ ಮನುಷ್ಯನ ಇಡೀ ಬಾಳು ಅವರ ಕೈಯಲ್ಲಿ ಎರಡೇ ಸಾಲು: ಬಂದದ್ದಕ್ಕೆ ಒಂದು, ಹೋದದ್ದಕ್ಕೆ ಒಂದು. ನಡುವಿನ ಎಪ್ಪತ್ತು ವರ್ಷ ಏನಾಯಿತು ಎಂದು ಕೇಳುವ ಕಾಲಂ ಯಾವ ಫಾರಂನಲ್ಲೂ ಇರಲಿಲ್ಲ. ಆ ಎಪ್ಪತ್ತು ವರ್ಷವನ್ನು ತಾನು ಬರೆಯಬೇಕು, ಅದನ್ನು ನಾಲ್ಕು ಜನ ಓದಿ ಕಣ್ಣೊರೆಸಿಕೊಳ್ಳಬೇಕು ಎನ್ನುವುದು ಮೇಡಂ ಯಾರಿಗೂ ಹೇಳದ ಆಸೆ. ಅದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದರೆ, ಕಟ್ಟಿಕೊಂಡ ಗಂಡ ಕನ್ನಡಕ ಒರೆಸಿ ನಗುತ್ತಾರೆ! (ಅವರದು ಕನ್ನಡಕದ ಅಂಗಡಿ. ಏನೇ ಕೇಳಿದರೂ ಮೊದಲು ಒರೆಸುವ ಚಾಳಿ.)

ಒಳಕೋಣೆಯಿಂದ ಅತ್ತೆಯ ದನಿ ಬಂತು. "ಬರೀಲಿ ಬಿಡೋ. ಮೊದಲು ಅಲ್ಪಪ್ರಾಣ ಮಹಾಪ್ರಾಣ ಸರಿ ಮಾಡ್ಕೊಳ್ಳಲಿ. ಮೊನ್ನೆ ಚೀಟೀಲಿ 'ಭೇಗ ಬರ್ತೀನಿ' ಅಂತ ಬರೆದಿಟ್ಟು ಹೋಗಿದ್ದಳು. ಅಷ್ಟು ಭಾರದ ಬೇಗ ಯಾರಿಗೆ ಬೇಕು?"

ಅತ್ತೆ ಮೂವತ್ಮೂರು ವರ್ಷ ಶಾಲೆಯಲ್ಲಿ ಭಾಷೆ ಕಲಿಸಿ, ಹೆಡ್‌ಮೇಡಂ ಆಗಿ ನಿವೃತ್ತರಾದವರು. ನಿವೃತ್ತಿ ಅವರಿಗಾಗಿತ್ತೇ ಹೊರತು ಅವರ ಕೆಂಪು ಪೆನ್ನಿಗಲ್ಲ. ಔಷಧಿ ಡಬ್ಬಿಯ ಚೀಟಿ, ಲಾಂಡ್ರಿಯ ರಸೀದಿ, ಕೆಟ್ಟ ಲಿಫ್ಟಿನ ಬಾಗಿಲಿಗೆ ಅಂಟಿಸಿದ ಕ್ಷಮಾಪಣೆ ಚೀಟಿ, ಎಲ್ಲವೂ ಅವರ ಕೈಯಲ್ಲಿ ತಿದ್ದಿಸಿಕೊಂಡೇ ಪಾವನವಾಗಬೇಕು. ಮಗನ ಅಂಗಡಿಯ ಬೋರ್ಡಿನಲ್ಲಿ 'ಪರೀಕ್ಷೇ' ಎಂದು ದೀರ್ಘ ಎಳೆದಿದ್ದನ್ನು ಕಂಡು, ಅರವತ್ತೆಂಟನೇ ವಯಸ್ಸಿನಲ್ಲಿ ಸ್ಟೂಲು ಹತ್ತಿ ಆ ದೀರ್ಘವನ್ನು ಕೆರೆದು ಹಾಕಿದ ಧೀರೆ.

ಹಟಕ್ಕೆ ಬಿದ್ದ ಮೇಡಂ, ಗ್ರಂಥಾಲಯದ ಮಹಡಿಯಲ್ಲಿ ನಡೆಯುತ್ತಿದ್ದ 'ಎಂಟು ಭಾನುವಾರಗಳಲ್ಲಿ ಕಥೆಗಾರರಾಗಿ' ಶಿಬಿರಕ್ಕೆ ಸೇರಿಯೇಬಿಟ್ಟರು.

ಕಲಿಸುವವರು ಸಣಕಲು ಮೈಯ, ದಪ್ಪ ದನಿಯ ಒಬ್ಬ ಕಥೆ ಮೇಷ್ಟ್ರು. ಮೊದಲ ಭಾನುವಾರವೇ ಮೇಜು ಗುದ್ದಿ ಹೇಳಿದರು: "ಹೇಳಬೇಡಿ, ತೋರಿಸಿ!" ಮೇಡಂ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು ಮೂರು ಗೆರೆ ಎಳೆದುಕೊಂಡರು. ಅಂದು ಸಂಜೆ ಅತ್ತೆ, "ಕತ್ತರಿ ಎಲ್ಲಿಟ್ಟಿದ್ದೀಯಮ್ಮ?" ಎಂದು ಕೇಳಿದಾಗ ಮೇಡಂ ಹೇಳಲಿಲ್ಲ, ತೋರಿಸಿದರು. "ಬಾಯಿಗೇನಾಗಿದೆ ಇವಳಿಗೆ?" ಎಂದು ಅತ್ತೆ ಮಗನನ್ನು ಕೇಳಿದರು. ಆತ ಕನ್ನಡಕ ಒರೆಸಿದರು.

ಎರಡನೇ ಭಾನುವಾರದ ಪಾಠ ಇನ್ನೂ ಗಹನ. "ಯಾವುದನ್ನು ಬರೆಯೋಕೆ ನಿಮಗೆ ಭಯವೋ, ಅದನ್ನೇ ಬರೆಯಿರಿ." ತರಗತಿಯಲ್ಲಿದ್ದವರೆಲ್ಲ ತಂತಮ್ಮ ಭಯ ಹುಡುಕಿಕೊಂಡು ಸೂರು ನೋಡಿದರು. ಮೇಡಂಗೆ ಹುಡುಕುವ ಕಷ್ಟವೇ ಬೀಳಲಿಲ್ಲ. ಅವರ ಭಯ ಆ ಹೊತ್ತಿಗೆ ಮನೆಯಲ್ಲಿ ಕೂತು ಪೇಪರಿನ ಪದಬಂಧ ತುಂಬುತ್ತಿತ್ತು.

ಹೀಗೆ ಹುಟ್ಟಿದ್ದು 'ಮೂಕ ಕಂಬನಿ'. ಊಟದ ಬಿಡುವಿನಲ್ಲಿ, ಕೌಂಟರಿನ ಕಿಟಕಿ ಮುಚ್ಚಿ, ರದ್ದಾದ ಮರಣ ಫಾರಂಗಳ ಹಿಂಬದಿಯಲ್ಲಿ ಬರೆದ ನಲವತ್ತೊಂದು ಪುಟದ ದುಃಖ. ಅತ್ತೆಯ ಕಾಟಕ್ಕೆ ಸಿಕ್ಕಿ ಕರಗುವ ಸೊಸೆಯೊಬ್ಬಳು ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುತ್ತಾಳೆ. ಬರೆಯುತ್ತ ಬರೆಯುತ್ತ ಮೇಡಂ ಸ್ವತಃ ಅತ್ತು, ಎರಡು ಫಾರಂ ನೆನೆದು ಹರಿದೇ ಹೋದವು.

ಮೊದಲ ಓದುಗರಾಗುವ ಭಾಗ್ಯ ಗಂಡನದಾಯಿತು. "ಮೂಕ ಕಂಪನಿ?" ಎಂದರು ಆತ. "ಯಾವ ಕಂಪನಿ ಇದು?"

"ಕಂಬನಿ ರೀ! ಕಣ್ಣೀರು! ದಿನಾ ಊರವರ ಕಣ್ಣು ಪರೀಕ್ಷೆ ಮಾಡ್ತೀರಲ್ಲ, ಎದುರಿಗಿರೋ ಕಣ್ಣೀರು ಕಾಣಲ್ವಾ?"

ಕಥೆ ಮೇಷ್ಟ್ರು ಪೂರ್ತಿ ಓದಿದರು. ಓದಿ, ಹಣೆ ತಿಕ್ಕಿಕೊಂಡರು. "ನಿಮ್ಮ ಸೊಸೆ ನಲವತ್ತೊಂದು ಪುಟ ಬರೀ ಅಳ್ತಾಳೆ ಮೇಡಂ. ಬೇರೇನೂ ಮಾಡಲ್ಲ. ಆ ಅತ್ತೆ ಬಾಗಿಲಲ್ಲಿ ಕಾಣಿಸಿದ ಕೂಡ್ಲೇ ಕಥೆ ಎದ್ದು ಕೂರುತ್ತೆ. ಅತ್ತೆಗೆ ಇನ್ನಷ್ಟು ಮಾತು ಕೊಡಿ."

"ಕೊಡೋದಾ? ಸಾರ್, ಆ ಮಾತನ್ನ ನಿಲ್ಲಿಸೋಕೆ ಇಪ್ಪತ್ತು ವರ್ಷದಿಂದ ಒದ್ದಾಡ್ತಿದ್ದೀನಿ."

"ಹಾಗಾದ್ರೆ ಕೂತು ಬರೆದುಕೊಳ್ಳಿ. ಸಂಭಾಷಣೆ ಕಿವಿಯಿಂದ ಬರಬೇಕು."

ಮೇಡಂಗೆ ಮೈಯೆಲ್ಲ ಉರಿಯಿತು. ತನ್ನ ಕಣ್ಣೀರಿಗೆ ಇಲ್ಲದ ಬೆಲೆ ಅತ್ತೆಯ ಬಾಯಿಗೆ! ಆದರೂ ಕಲೆಗಾಗಿ ಏನು ಬೇಕಾದರೂ ಸಹಿಸಬೇಕಲ್ಲ. ಸೋಮವಾರ ಬೆಳಿಗ್ಗೆ ನೋಟ್‌ಬುಕ್ಕು ಸೊಂಟಕ್ಕೆ ಸಿಕ್ಕಿಸಿಕೊಂಡು, ಒದ್ದೆ ಟವಲನ್ನು ಅತ್ತೆಯ ಕುರ್ಚಿಯ ಮೇಲೆಯೇ ಹಾಸಿದರು. ಅತ್ತೆ ಬಂದರು, ನೋಡಿದರು, ಟವಲನ್ನು ತೆಗೆದು ತಂತಿಗೆ ಹಾಕಿದರು. ಮಾತಿಲ್ಲ. ಮಂಗಳವಾರ ಕೊಳಾಯಿ ತೊಟ್ಟಿಕ್ಕಲು ಬಿಟ್ಟರು. ಅತ್ತೆ ನಿಲ್ಲಿಸಿ ಹೋದರು. ಬುಧವಾರ ಮೇಡಂ ಬ್ರಹ್ಮಾಸ್ತ್ರವನ್ನೇ ತೆಗೆದರು. ಅತ್ತೆಯ ಪದಬಂಧವನ್ನು ತಾವೇ, ಪೆನ್ನಿನಲ್ಲಿ, ಪೂರ್ತಿ ತಪ್ಪು ತುಂಬಿ, ಮೇಜಿನ ಮೇಲಿಟ್ಟು, ನೋಟ್‌ಬುಕ್ಕು ತೆರೆದು ಕಾದರು.

ಅತ್ತೆ ಪದಬಂಧ ನೋಡಿದರು. ಸೊಸೆಯನ್ನು ನೋಡಿದರು. ಹಣೆ ಮುಟ್ಟಿ ನೋಡಿದರು.

"ಕಚೇರೀಲಿ ಕೆಲಸ ಜಾಸ್ತಿಯೇನಮ್ಮ? ಮುಖ ಬಾಡಿದೆ. ಕೂತ್ಕೋ, ಟೀ ಮಾಡ್ತೀನಿ."

ಇಪ್ಪತ್ತು ವರ್ಷದಲ್ಲಿ ಒಂದು ದಿನವಾದರೂ ಈ ಮಾತು ಬಂದಿತ್ತೇ? ಬೇಕಾದಾಗ ಬರಲಿಲ್ಲ, ಕಥೆಗೆ ಬೈಗುಳ ಬೇಕಾದಾಗ ಟೀ ಬಂತು! ಖಳನಾಯಕಿ ಹೀಗೆ ನಡುನೀರಿನಲ್ಲಿ ಕೈಬಿಟ್ಟರೆ ಲೇಖಕಿ ಏನು ಮಾಡಬೇಕು? ಮೇಡಂ ಟೀ ಕುಡಿದು (ಚೆನ್ನಾಗಿತ್ತು, ಅದು ಇನ್ನೊಂದು ಸಂಕಟ), ಬೈಗುಳಗಳನ್ನೆಲ್ಲ ತಮ್ಮ ಸ್ವಂತ ಪ್ರತಿಭೆಯಿಂದಲೇ ಸೃಷ್ಟಿಸಿ, ಅಷ್ಟೇ ಅಳುವನ್ನು ಹೊಡೆದುಹಾಕಿ, ಅದೇ ನಲವತ್ತೊಂದು ಪುಟದಲ್ಲಿ ಕಥೆ ಮುಗಿಸಿದರು.

ವಾರಪತ್ರಿಕೆಯೊಂದು ಹೊಸಬರ ಕಥೆಗಳನ್ನು ಕರೆದಿತ್ತು. ಶನಿವಾರ ಕೊನೆಯ ದಿನ. ಗುರುವಾರ ಮೇಡಂ ಆತುರದಲ್ಲಿ ಕಚೇರಿಗೆ ಹೊರಟವರು, ಹಸ್ತಪ್ರತಿಯನ್ನು ಊಟದ ಮೇಜಿನ ಮೇಲೆಯೇ ಮರೆತರು. ಸಂಜೆ ಬಂದು ನೋಡಿದರೆ ಅದು ಅಲ್ಲೇ ಇತ್ತು. ಅಂಚಿನಿಂದ ಅಂಚಿಗೆ ಕೆಂಪಾಗಿತ್ತು. ಮೊದಲ ಪುಟದ ತಲೆಯ ಮೇಲೆ ದುಂಡಗೆ ಸುತ್ತು ಹಾಕಿ, ನೂರಕ್ಕೆ ಮೂವತ್ನಾಲ್ಕು.

ಮೇಡಂ ಪುಟ ತಿರುವಿದರು. ನಾಯಕಿ ಒಂದೆಡೆ, 'ಆ ಮಾತು ಕೇಳಿ ನಾನು ಅತ್ತೆ' ಎಂದಿದ್ದಳು. ಪಕ್ಕದಲ್ಲಿ ಕೆಂಪು ಶಾಯಿ: 'ಅಲ್ಲ. ನಾನು ಅತ್ತೆ. ನೀನು ಸೊಸೆ.' ಮುಂದೆ, 'ಬಿಕ್ಕಿ ಬಿಕ್ಕಿ ಸಾಕಾಯಿತು' ಎಂಬಲ್ಲಿ: 'ನೀರು ಕುಡಿ.' 'ನನ್ನ ಹೃದಯ ಚೂರುಚೂರಾಯಿತು' ಎಂಬಲ್ಲಿ: 'ಐದನೇ ಪುಟದಲ್ಲೇ ಆಗಿತ್ತು. ಮತ್ತೆ ಯಾವಾಗ ಜೋಡಿಸಿದೆ?' ಮೇಡಂ ಸ್ವಂತ ಪ್ರತಿಭೆಯಿಂದ ಸೃಷ್ಟಿಸಿದ ಬೈಗುಳಗಳ ಪಕ್ಕ ಉದ್ದಕ್ಕೂ ಗೆರೆ ಎಳೆದು: 'ನಾನು ಹೀಗೆ ಬೈದಿಲ್ಲ. ಇದಕ್ಕಿಂತ ಚೆನ್ನಾಗಿ ಬೈದಿದ್ದೆ.' ಅದರ ಕೆಳಗೆ, ಮಾದರಿಗೆಂದು, ಆ ಬೈಗುಳವೂ ಇತ್ತು.

"ಅತ್ತೇ!" ಎಂದು ಮೇಡಂ ಕೋಣೆಗೆ ನುಗ್ಗಿದರು. "ಬೇರೆಯವರು ಬರೆದಿದ್ದನ್ನ ಕೇಳದೆ ಮುಟ್ಟಬಹುದಾ?"

"ತಪ್ಪು ಕಂಡ್ರೆ ಕೈ ನಿಲ್ಲಲ್ಲಮ್ಮ. ಇರಲಿ, ಕಥೇಲಿರೋ ಅತ್ತೆ ಯಾರು?"

"ಕಾಲ್ಪನಿಕ."

"ಕಾಲ್ಪನಿಕ ಅತ್ತೆ ಕೈಗೆ ನನ್ನ ಪೆನ್ನು ಯಾಕೆ ಬಂತು?"

ಮೇಡಂ ಹಸ್ತಪ್ರತಿಯನ್ನು ಬೆನ್ನ ಹಿಂದೆ ಬಚ್ಚಿಟ್ಟರು.

"ಬೈಸಿದ್ದೀಯ, ಬೈಸು. ಕೆಟ್ಟವಳು ಅಂದಿದ್ದೀಯ, ಅನ್ನು. ಆದ್ರೆ ಇಪ್ಪತ್ತೊಂಬತ್ತನೇ ಪುಟದಲ್ಲಿ ನನ್ನನ್ನ ನೆಗಡಿಯಿಂದ ಸಾಯಿಸಿದ್ದೀಯಲ್ಲ!" ಅತ್ತೆಯ ದನಿ ಈಗ ನಿಜಕ್ಕೂ ನೊಂದಿತ್ತು. "ನೆಗಡಿಗೆ ಸಾಯೋಳೇನೇ ನಾನು? ದಿನಾ ಅಷ್ಟು ಸಾವು ಬರೆದುಕೊಳ್ತೀಯ, ಅದರಲ್ಲಿ ನನಗೊಂದು ಮರ್ಯಾದೆಯ ಸಾವು ಸಿಗಲಿಲ್ವಾ?"

ಮೇಡಂ ಸಿಟ್ಟು ನೆತ್ತಿಗೇರಿತು. ನಲವತ್ತೊಂದು ಪುಟ ಮತ್ತೆ ನಕಲು ಮಾಡಲು ಸಮಯವಿರಲಿಲ್ಲ. ಇದ್ದರೂ ಮಾಡುವ ಮನಸ್ಸಿರಲಿಲ್ಲ. ನೋಡಲಿ, ಲೋಕ ನೋಡಲಿ! ಎಂಥ ಮನೆಯಲ್ಲಿ ಕೂತು ಒಬ್ಬ ಹೆಣ್ಣುಮಗಳು ಸಾಹಿತ್ಯ ರಚಿಸುತ್ತಿದ್ದಾಳೆ ಎಂದು ಸಂಪಾದಕರು ಕಣ್ಣಾರೆ ಕಾಣಲಿ! ಆ ಕೆಂಪು ಹಸ್ತಪ್ರತಿಯನ್ನು ಹಾಗೆಯೇ ಲಕೋಟೆಗೆ ತುರುಕಿ, ಜೊತೆಗೊಂದು ಪತ್ರ ಇಟ್ಟರು: 'ಅಂಚಿನಲ್ಲಿರುವ ಕೆಂಪು ಬರಹವೇ ಈ ಕಥೆ ಸತ್ಯವೆಂಬುದಕ್ಕೆ ಸಾಕ್ಷಿ.'

ಐದು ವಾರ ಕಳೆಯಿತು. ಆರನೇ ವಾರ ಮೇಡಂ ಕಚೇರಿ ಹೊಕ್ಕಾಗ ಆಸ್ತಿ ವಿಭಾಗದವರು ಮೇಜಿನ ಮೇಲೆ ತಲೆಯಿಟ್ಟು ಹೊಟ್ಟೆ ಹಿಡಿದುಕೊಂಡಿದ್ದರು. ನೀರಿನ ವಿಭಾಗದವರಂತೂ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರ ಕೈಯಲ್ಲಿ ಅದೇ ವಾರಪತ್ರಿಕೆ. ಮೇಡಂ ಎದೆ ಹಿಗ್ಗಿತು. ಕೊನೆಗೂ ಓದುಗರ ಕಣ್ಣು ಒದ್ದೆಯಾಗಿತ್ತು! ಹತ್ತಿರ ಹೋದ ಮೇಲೆ ತಿಳಿಯಿತು, ಅದು ನಕ್ಕು ನಕ್ಕು ಬಂದ ನೀರು.

ಕಥೆ ಅಚ್ಚಾದದ್ದು ನಗೆಪುಟದಲ್ಲಿ. 'ಮೂಕ ಕಂಬನಿ' ಎಂಬ ಹೆಸರು ಹಾರಿಹೋಗಿ, 'ನಾನು ಅತ್ತೆ' ಎಂದಾಗಿತ್ತು. ನಲವತ್ತೊಂದು ಪುಟದಲ್ಲಿ ಆರು ಪುಟ ಆರಿಸಿ, ಸೊಸೆಯ ಗೋಳು ಕಪ್ಪಿನಲ್ಲಿ, ಅಂಚಿನ ಟಿಪ್ಪಣಿ ಕೆಂಪಿನಲ್ಲಿ, ಸಾಲಿಗೆ ಸಾಲು ಹಾಕಿದ್ದರು. ಕೆಳಗೆ: 'ಅತ್ತವರು ಸೊಸೆ, ತಿದ್ದಿದವರು ಅತ್ತೆ.'

ಮೇಡಂ ಅರ್ಧ ದಿನ ರಜೆ ಹಾಕಿ ಪತ್ರಿಕೆಯ ಕಚೇರಿಗೆ ಧಾವಿಸಿದರು. ಮುದ್ರಣ ಯಂತ್ರದ ಸದ್ದು ದಾಟಿ, ಕಾಗದದ ಉರುಳೆಗಳ ಸಂದಿಯಲ್ಲಿ ನುಸುಳಿ, ಸಂಪಾದಕರ ಮೇಜಿನ ಮೇಲೆ ಸಂಚಿಕೆ ಒಗೆದರು.

"ಏನ್ರೀ ಇದು? ನಾನು ಬರೆದಿದ್ದು ದುರಂತ!"

"ಗೊತ್ತಾಗುತ್ತೆ ಮೇಡಂ," ಎಂದರು ಸಂಪಾದಕರು, ತುಟಿ ಕಚ್ಚಿಕೊಂಡು. "ಅದಕ್ಕೇ ಅಷ್ಟು ಚೆನ್ನಾಗಿ ಬಂದಿದೆ. ಬೆಳಗ್ಗಿಂದ ಫೋನು ನಿಂತಿಲ್ಲ. ಪ್ರತಿ ವಾರ ಎರಡು ಪುಟ ಕೊಡ್ತೀರಾ?"

ಪ್ರತಿ ವಾರ! ಮೇಡಂ ಸಿಟ್ಟು ಒಂದು ಕ್ಷಣ ತಡವರಿಸಿತು. ಆಮೇಲೆ ಸ್ವಾಭಿಮಾನ ನೆನಪಾಯಿತು. "ನನ್ನಿಂದ ಹಾಸ್ಯ ಬರೆಯೋಕಾಗಲ್ಲ."

"ಅಯ್ಯೋ, ಖಂಡಿತ ಬರೀಬೇಡಿ! ನೀವು ಹೀಗೇ ಮನಸ್ಸು ಬಿಚ್ಚಿ ಅಳಿ. ತಿದ್ದೋರು ತಿದ್ದಲಿ."

ಮನೆಗೆ ಬರುವ ದಾರಿಯಲ್ಲಿ ಗಂಡನ ಅಂಗಡಿಗೆ ನುಗ್ಗಿದರು, ಒಬ್ಬರಾದರೂ ತನ್ನ ಪರ ಇರಲಿ ಎಂದು. ಆತ ಆ ಪುಟಗಳನ್ನು ಕತ್ತರಿಸಿ, ಕಣ್ಣು ಪರೀಕ್ಷೆಯ ಅಕ್ಷರಪಟ್ಟಿಯ ಪಕ್ಕಕ್ಕೇ ಅಂಟಿಸಿದ್ದರು. "ಓದಿಸಿ ನೋಡ್ತೀನಿ ಕಣೇ. ನಕ್ಕರೆ ನಂಬರ್ ಸರಿ ಇದೆ ಅಂತ ಅರ್ಥ."

ಮನೆಯಲ್ಲಿ ಅತ್ತೆ ಆಗಲೇ ಅಚ್ಚಾದ ಪುಟವನ್ನೂ ತಿದ್ದಿ ಮುಗಿಸಿದ್ದರು. ಹನ್ನೊಂದು ಮುದ್ರಣದೋಷ. ನಿವೃತ್ತರಾದ ಮೇಲೆ ಅವರ ಮುಖ ಇಷ್ಟು ಬೆಳಗಿದ್ದನ್ನು ಮೇಡಂ ಕಂಡಿರಲಿಲ್ಲ. ಹಳೆಯ ವಿದ್ಯಾರ್ಥಿನಿಯರು ನಾಲ್ವರು ಫೋನು ಮಾಡಿ, "ಟೀಚರ್, ಅಕ್ಷರ ನೋಡಿಯೇ ಗುರುತು ಹಿಡಿದೆವು" ಎಂದಿದ್ದರಂತೆ. ಅದನ್ನು ಅತ್ತೆ ಮೂರು ಸಲ ಹೇಳಿದರು. ಮೂರನೇ ಸಲ ಕನ್ನಡಕ ತೆಗೆದು ಒರೆಸಿಕೊಂಡರು. ಜಗಳಕ್ಕೆಂದು ಬಂದ ಮೇಡಂ ಮೂರು ಸಲವೂ ಕೂತು ಕೇಳಿದರು. ಅದಕ್ಕೂ ಸಿಟ್ಟು ಬಂತು.

ಆದರೆ ಸೋಲೊಪ್ಪುವ ಜಾತಿಯಲ್ಲ ಮೇಡಂ. ಸಂಪಾದಕರು ಕೇಳಿದ ಎರಡು ಪುಟಕ್ಕೆ ಒಪ್ಪಿಕೊಂಡು, ಮುಂದಿನ ವಾರದ ಕಥೆಗೆ ಒಂದು ಘೋರ ಪ್ರತಿಜ್ಞೆ ಮಾಡಿದರು: ಕೆಂಪು ಪೆನ್ನಿಗೆ ಹಿಡಿಯಲು ಒಂದು ಸಾಸಿವೆಯಷ್ಟೂ ತಪ್ಪು ಸಿಗಬಾರದು. ನಿಘಂಟು ಮಗ್ಗುಲಲ್ಲಿಟ್ಟುಕೊಂಡು ಆರು ಮಧ್ಯಾಹ್ನ ಬರೆದರು. ಯಾರೂ ಬಿಕ್ಕಲಿಲ್ಲ, ಯಾರ ಹೃದಯವೂ ಒಡೆಯಲಿಲ್ಲ, ಯಾರೂ ನೆಗಡಿಗೆ ಸಾಯಲಿಲ್ಲ. ಪ್ರತಿ ಮಹಾಪ್ರಾಣವೂ ಇದ್ದಲ್ಲೇ ಉಸಿರಾಡುತ್ತಿತ್ತು. ಭಾನುವಾರ ಬೆಳಿಗ್ಗೆ ಹಾಳೆಗಳನ್ನು ಅತ್ತೆಯ ಮುಂದಿಟ್ಟು, ಎದೆಯ ಮೇಲೆ ಕೈಕಟ್ಟಿ ನಿಂತರು.

ಅತ್ತೆ ಪೆನ್ನಿನ ಮುಚ್ಚಳ ತೆಗೆದರು. ಓದಿದರು. ಮತ್ತೆ ಮೊದಲಿಂದ ಓದಿದರು. ಕನ್ನಡಕ ಬದಲಿಸಿಕೊಂಡು ಮೂರನೇ ಸಲ ಓದಿದರು. ನಿಧಾನವಾಗಿ ಮುಚ್ಚಳ ಹಾಕಿದರು.

"ಒಂದು ತಪ್ಪೂ ಇಲ್ಲ," ಎಂದರು.

ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿ! ಮೇಡಂ ಕಣ್ಣು ತುಂಬಿ ಬಂತು.

"ಅದಕ್ಕೇ ಇದನ್ನ ಯಾರೂ ಓದಲ್ಲ," ಎಂದು ಅತ್ತೆ ಹಾಳೆಗಳನ್ನು ಸೊಸೆಯ ಕೈಗೇ ವಾಪಸ್ ಇಟ್ಟರು. "ನನಗೆ ಮಾಡೋಕೆ ಏನೂ ಉಳಿಸಿಲ್ಲ ನೀನು. ಹೋಗಮ್ಮ, ಹತ್ತು ಹನ್ನೆರಡು ತಪ್ಪು ಮಾಡ್ಕೊಂಡು ಬಾ. ನಾಳೆ ಬೆಳಿಗ್ಗೆ ಕಳಿಸಬೇಕು."

ಮೇಡಂ ಹಲ್ಲು ಕಡಿಯುತ್ತ ಮೇಜಿಗೆ ಹೋಗಿ ಕೂತರು. ಒಂದು ಗಂಟೆಯಾಯಿತು, ಎರಡು ಗಂಟೆಯಾಯಿತು. ಹಾಳಾದ್ದು, ಅಂದು ಅವರಿಗೆ ಒಂದೇ ಒಂದು ತಪ್ಪೂ ಹೊಳೆಯಲಿಲ್ಲ.