ಕಾಜದಕ್ಕನ ಹಾಜರಿ

ಗಾರ್ಮೆಂಟ್ಸ್ ಕಾರ್ಖಾನೆಯ ಗೇಟಿಗೆ ಹೊಸದಾಗಿ ಬಂದಿದ್ದ, ಮುಖ ನೋಡಿ ಹಾಜರಿ ಹಾಕುವ ಯಂತ್ರ ಗುಂಡಿಯಕ್ಕನನ್ನು ಹೆಣ್ಣು ನೋಡಲು ಬಂದ ಬೀಗರ ಹಾಗೆ ದಿಟ್ಟಿಸಿ, ಕಾಜದಕ್ಕನ ಹೆಸರು ಹಿಡಿದು ಸ್ವಾಗತ ಹೇಳಿತು.

ಶರ್ಟಿಗೆ ಗುಂಡಿ ತೂರಿಸುವ ಕಾಜ ಹೊಲಿಯುತ್ತಿದ್ದ ಕಾಜದಕ್ಕ ಕೆಲಸಗಾರರ ಸಂಘದ ಅಧ್ಯಕ್ಷೆಯಾಗಿದ್ದವಳು. ಸತ್ತು ಮೂರು ತಿಂಗಳಾಗಿತ್ತು.

"ಅಯ್ಯೋ, ನಾನವಳಲ್ಲ!"

ಗೇಟು ತೆರೆದುಕೊಂಡಿತು. ವಾಚ್‌ಮನ್ ಎರಡು ಹೆಜ್ಜೆ ಹಿಂದೆ ಸರಿದ. "ಒಳಗೆ ಹೋಗ್ಬಿಡಿ ತಾಯಿ. ಅದ್ರ ಹತ್ರ ವಾದ ಬೇಡ."

ಅವತ್ತೇ ಸಂಘದ ಚುನಾವಣೆ. ತಾವೇ ಗುಂಡಿ ಹಚ್ಚುವ ಯಂತ್ರಗಳು ಮುಂದಿನ ವಾರ ಬರಲಿದ್ದವು. ಅರ್ಧ ಹೆಂಗಸರಿಗೆ ಕೆಲಸ ಹೋಗುತ್ತದೆಂದು ಸುದ್ದಿ. ಮ್ಯಾನೇಜರ್ ಎದುರು ಕೂತು ಮಾತಾಡಲು ಒಬ್ಬಳು ಬೇಕಿತ್ತು. ಇಪ್ಪತ್ತು ವರ್ಷ ತಲೆ ತಗ್ಗಿಸಿ ಗುಂಡಿ ಹಚ್ಚಿದ್ದ ಗುಂಡಿಯಕ್ಕ ಧೈರ್ಯ ಮಾಡಿ ಚುನಾವಣೆಗೆ ನಿಂತಿದ್ದಳು. ಎದುರಾಳಿ ಯಾರೂ ಇರಲಿಲ್ಲ. ಆದರೂ ಚೀಟಿ ಹಾಕಲೇಬೇಕೆಂಬುದು ಸಂಘದ ನಿಯಮ.

ಅವಳಿಗಿಂತ ಮೊದಲೇ ಸುದ್ದಿ ಒಳಗೆ ತಲುಪಿತ್ತು. ಪಕ್ಕದಲ್ಲಿ ಕೂತು ಕಾಲರ್ ಹೊಲಿಯುವ ಕಾಲರಿನವಳು ಅವಳ ಕೈ ಚಿವುಟಿ, "ಬೆಚ್ಚಗಿದೆ ಕಣ್ರೇ!" ಎಂದು ಎಲ್ಲರಿಗೂ ಸಾರಿದಳು. ದಿನವಿಡೀ ಗದರುವ ಸೂಪರ್‌ವೈಸರ್ ಬಂದು, "ನಿಧಾನಕ್ಕೆ ಮಾಡಿ ಅಕ್ಕಾ" ಎಂದು ನೆಲ ನೋಡುತ್ತಾ ಜಾರಿಕೊಂಡ.

ಹೆಸರು ಸರಿಮಾಡಿಸಲು ಗುಂಡಿಯಕ್ಕ ಆಫೀಸಿಗೆ ಹೋದಳು.

"ಕಾಜದಕ್ಕ ಹಾಜರು. ನೀವು ಗೈರು," ಎಂದ ಗುಮಾಸ್ತ.

"ನಿಮ್ಮೆದುರಿಗೇ ನಿಂತಿದೀನಲ್ರೀ!"

ಗುಮಾಸ್ತ ದನಿ ತಗ್ಗಿಸಿದ. "ಅವ್ರು ಬೆಳಿಗ್ಗೆಯಿಂದ ಮುನ್ನೂರು ಕಾಜ ಹೊಲಿದಿದಾರೆ ಅಂತ ಕಂಪ್ಯೂಟರ್ ತೋರಿಸ್ತಿದೆ."

ಗುಂಡಿಯಕ್ಕ ಜನ್ಮದಲ್ಲಿ ಒಂದು ಕಾಜವನ್ನೂ ಹೊಲಿದವಳಲ್ಲ. ಮೂಲೆಯಲ್ಲಿ ಮುಸುಕು ಹಾಕಿಟ್ಟಿದ್ದ ಕಾಜದಕ್ಕನ ಮಿಷಿನ್ನಿನ ಬಳಿ ಹೋಗಿ ಮೆಲ್ಲಗೆ ಕೈಯಿಟ್ಟಳು. ಬಿಸಿಯಾಗಿತ್ತು. ಕೈ ಕಿತ್ತುಕೊಂಡು ಓಡಿಬಂದಳು.

ಸಂಜೆ ಕ್ಯಾಂಟೀನಿನ ಬಾಗಿಲು ಹಾಕಿಕೊಂಡು ಎಲ್ಲರೂ ಡಬ್ಬಿಗೆ ಚೀಟಿ ಹಾಕಿದರು. ಕಾಲರಿನವಳು ಬಿಡಿಸಿ ಓದಿದಳು. "ಕಾಜದಕ್ಕ. ಕಾಜದಕ್ಕ. ಕಾಜದಕ್ಕ..."

"ಏನ್ರೇ ಇದು! ಸತ್ತವಳಿಗೆ ವೋಟಾ?" ಎಂದು ಗುಂಡಿಯಕ್ಕ ಕೂಗಿದಳು.

"ಬೇಜಾರು ಮಾಡ್ಕೋಬೇಡಿ ಅಕ್ಕ. ಮ್ಯಾನೇಜರ್ ನಿಮ್ಗೆ ಹೆದರಲ್ಲ. ಅವ್ಳು ಬದುಕಿದ್ದಾಗ್ಲೇ ಹೆದರ್ತಿದ್ದ, ಈಗ ಕೇಳ್ಬೇಕಾ?" ಎಂದಳು ಕಾಲರಿನವಳು.

"ಹಾಗಾದ್ರೆ ನಾಳೆ ಅವನ ಹತ್ರ ಯಾರು ಹೋಗ್ತಾರೆ?"

"ನೀವೇ! ಅವ್ಳ ಹೆಸರಲ್ಲಿ ಒಳಗೆ ಬಂದಿರೋದು ನೀವೇ ತಾನೆ?"

ಪದವಿ ಅವಳಿಗೆ, ಪಾಡು ತನಗೆ! ಗುಂಡಿಯಕ್ಕ ಹಣೆ ಚಚ್ಚಿಕೊಂಡಳು. ಕೊನೆಯ ಚೀಟಿಯಲ್ಲಿ ಗುಂಡಿಯಕ್ಕನ ಹೆಸರಿತ್ತು. ಅದನ್ನು ಬರೆದವಳೂ ಅವಳೇ.

"ಗುಂಡಿಯಕ್ಕನಿಗೆ ಒಂದು. ಕಾಜದಕ್ಕನಿಗೆ ನಲವತ್ತು," ಎಂದ ಕಾಲರಿನವಳು ಥಟ್ಟನೆ ನಿಲ್ಲಿಸಿ, ತಲೆಗಳನ್ನು ಎಣಿಸತೊಡಗಿದಳು. ಚೀಟಿ ನಲವತ್ತೊಂದು, ಗುಂಡಿಯಕ್ಕನೂ ಸೇರಿ ಒಳಗಿದ್ದವರು ನಲವತ್ತೇ ಜನ.

ಇನ್ನೊಮ್ಮೆ ಎಣಿಸೋಣ ಎಂದು ಯಾರೂ ಅನ್ನಲಿಲ್ಲ.